ಎಷ್ಟು ಕಿಲೋವ್ಯಾಟ್, ಎಷ್ಟು ಮಾತು?

ಮೀಡಿಯಂ ವೇವ್ ಕೇಳುವ ಗೆಳೆಯರು ಒಂದೆಡೆ ಸೇರಿದರೆ ಮೊದಲು ಬರುವುದು ಕಿಲೋವ್ಯಾಟ್ ಮಾತು. ಯಾವ ನಿಲಯದ್ದು ಎಷ್ಟು ಶಕ್ತಿ, ಯಾವುದು ಎಷ್ಟು ದೂರ ಮುಟ್ಟುತ್ತದೆ ಎಂಬ ಲೆಕ್ಕ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ: ಆ ಶಕ್ತಿಯಲ್ಲಿ ಮಾತಿನ ಪಾಲೆಷ್ಟು?

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರವನ್ನೇ ನೋಡಿ. ಅದು 200 ಕಿಲೋವ್ಯಾಟ್‌ನದು. ಆ 200 ಪೂರ್ತಿ ಕ್ಯಾರಿಯರ್‌ನ, ಅಂದರೆ ವಾಹಕ ತರಂಗದ ಪಾಲು. ಅದರಲ್ಲಿ ಒಂದಕ್ಷರವೂ ಇಲ್ಲ, ಒಂದು ಸ್ವರವೂ ಇಲ್ಲ. ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿದಾಗ (ಇದೇ ಎಎಂ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಶನ್) ಕ್ಯಾರಿಯರ್‌ನ ಎರಡೂ ಮಗ್ಗುಲಲ್ಲಿ ಸೈಡ್‌ಬ್ಯಾಂಡ್‌ಗಳು ಹುಟ್ಟುತ್ತವೆ. ವಾರ್ತೆ, ಸುಗಮ ಸಂಗೀತ ಎಲ್ಲ ಇರುವುದು ಅಲ್ಲಿ. ಒಂದೇ ಶ್ರುತಿಯ ನಾದವನ್ನು ಶೇ 100ರಷ್ಟು ಮಾಡ್ಯುಲೇಶನ್‌ನಲ್ಲಿ ಕಳಿಸಿದರೆ ಎರಡೂ ಸೈಡ್‌ಬ್ಯಾಂಡ್ ಸೇರಿ 100 ಕಿಲೋವ್ಯಾಟ್. ಶೇ 30ಕ್ಕೆ ಇಳಿಸಿದರೆ ಬರೀ 9. ಕ್ಯಾರಿಯರ್ ಮಾತ್ರ ಎರಡೂ ಸಲ 200ರಲ್ಲೇ ನಿಂತಿರುತ್ತದೆ.

ದನಿ ತಗ್ಗಿದರೂ ದೂರದ ಸಿಡಿಲು, ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿನ ಕರಕರ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ದೊಡ್ಡ ನಿಲಯದ ಮೆಲುದನಿಯೂ ಗದ್ದಲದಲ್ಲಿ ಮುಳುಗಬಹುದು. ಪ್ರಸಾರಕ್ಕೆ ಮುನ್ನ ಧ್ವನಿಯ ಏರಿಳಿತವನ್ನು ಕುಗ್ಗಿಸಿ ಮೇಲೆತ್ತುವುದು ಇದಕ್ಕೇ. ಆದರೆ ಶೇ 100 ದಾಟಿದರೆ ಅಲೆ ಸೊನ್ನೆಗಿಳಿದು ಕತ್ತರಿಸಿ ಹೋಗುತ್ತದೆ, ಧ್ವನಿ ಒಡೆಯುತ್ತದೆ, ಪಕ್ಕದ ನಿಲಯಕ್ಕೂ ಕಾಟ.

ಹಾಗಾದರೆ ಕ್ಯಾರಿಯರ್ ದಂಡವೇ? ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ ಅದನ್ನೂ ಒಂದು ಮಗ್ಗುಲನ್ನೂ ಕೈಬಿಟ್ಟು, ಇರುವ ಶಕ್ತಿಯನ್ನೆಲ್ಲ ಮಾತಿಗೇ ಕೊಡುತ್ತಾರೆ. ಅಷ್ಟೇ ಒಟ್ಟು ಶಕ್ತಿಯಲ್ಲಿ, ಶೇ 100 ಮಾಡ್ಯುಲೇಶನ್ ಇದ್ದರೂ, ಎಎಂ ಅದಕ್ಕಿಂತ ಸುಮಾರು 4.8 ಡೆಸಿಬಲ್ ಹಿಂದೆ. ಆದರೆ ಕೇಳುವವನ ಸೆಟ್ಟು ಆ ಕ್ಯಾರಿಯರನ್ನು ತಾನೇ ಸೃಷ್ಟಿಸಿ ಸೇರಿಸಬೇಕು. ಕೊಂಚ ತಪ್ಪಿದರೂ ದನಿ ವಿಕಾರ. ಎಎಂಗೆ ಒಂದು ಡಯೋಡ್ ಸಾಕು. ನಿಲಯ ಒಂದೇ, ಕೇಳುಗರು ಲಕ್ಷಾಂತರ. ವೆಚ್ಚವನ್ನು ನಿಲಯವೇ ಹೊತ್ತಿದ್ದರಿಂದ ರೇಡಿಯೊ ಬಡವರ ಮನೆಗೂ ಬಂತು. ಇದನ್ನು ಪೋಲು ಎನ್ನಲು ನನಗೆ ಮನಸ್ಸಿಲ್ಲ.

ಮೌನದಲ್ಲೂ ಕ್ಯಾರಿಯರ್ ದುಡಿಯುತ್ತಿರುತ್ತದೆ. ಖಾಲಿ ಜಾಗದಿಂದ ಮುಳ್ಳನ್ನು ಮೆಲ್ಲಗೆ ನಿಲಯದ ಕಡೆ ತಿರುಗಿಸಿ. ಯಾರೂ ಮಾತಾಡದಿದ್ದರೂ ಸುಯ್‌ಗುಡುವ ಸದ್ದು ತಟ್ಟನೆ ತಗ್ಗುತ್ತದೆ. ಕ್ಯಾರಿಯರ್ ಸಿಕ್ಕೊಡನೆ ಸೆಟ್ಟು ತನ್ನ ಹಿಗ್ಗಿಸುವ ಪ್ರಮಾಣವನ್ನು ತಾನೇ ಇಳಿಸಿಕೊಳ್ಳುವುದರ ಫಲ ಅದು. ಕ್ಯಾರಿಯರ್ ಗದ್ದಲಕ್ಕಿಂತ ದುರ್ಬಲವಾದರೆ ಮಾತ್ರ ಡಯೋಡ್ ಸೋಲುತ್ತದೆ; ಆಗ ಮಾತು ಗದ್ದಲದೊಳಗೇ ಕಲಸಿಹೋಗುತ್ತದೆ. ರಾತ್ರಿ ದೂರದ ನಿಲಯ ಕೇಳುವವರಿಗೆ ಇನ್ನೊಂದು ಕಷ್ಟ: ಅಯಾನುಗೋಳದಿಂದ ಮರಳಿದ ಅಲೆಯಲ್ಲಿ ಕ್ಯಾರಿಯರ್ ಮಾತ್ರ ಕ್ಷಣಕಾಲ ಕುಸಿದರೆ, ಸೈಡ್‌ಬ್ಯಾಂಡ್ ಇದ್ದೂ ದನಿ ಕೆಡುತ್ತದೆ.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಪ್ರಸಾರ ಆರಂಭಿಸಿದ್ದು 30 ವ್ಯಾಟ್‌ನಲ್ಲಿ. ಆಗ ಮನೆಮನೆಯಲ್ಲಿ ಚಾರ್ಜರ್‌ಗಳಿರಲಿಲ್ಲ. ಇಂದು ನಮ್ಮ ಗದ್ದಲ ಬಹುಪಾಲು ನಮ್ಮ ಗೋಡೆಯೊಳಗಿನದೇ.

ನಿಲಯ ತನ್ನ ಶಕ್ತಿಯನ್ನು ಇಮ್ಮಡಿ ಮಾಡಿದರೆ ನಮಗೆ ದಕ್ಕುವುದು 3 ಡೆಸಿಬಲ್. ಅದಕ್ಕಿಂತ ಹೆಚ್ಚಿನದು ನಮ್ಮ ಕೈಯಲ್ಲೇ ಇದೆ. ಚಾರ್ಜರ್‌ಗಳನ್ನು ಪ್ಲಗ್‌ನಿಂದ ಕಿತ್ತಿಡಿ, ಬ್ಯಾಟರಿ ಹಾಕಿದ ಸೆಟ್ಟನ್ನು ಕಿಟಕಿಯ ಬಳಿ ಇಟ್ಟು ನಿಧಾನ ತಿರುಗಿಸಿ. ಒಳಗಿನ ಫೆರೈಟ್ ಸರಳಿನ ತುದಿ ಗದ್ದಲದ ಮೂಲಕ್ಕೆ ನೇರವಾದಾಗ ಕರಕರ ಕುಗ್ಗುತ್ತದೆ. ಮುಂದಿನ ವಾರ ಆ ಸರಳಿನ ವಿಚಾರ.