ಹಗೇವಿನ ಮೇಲೆ ಗಾಜು

ಹೋದ ದಸರಾ ರಜೆಯಲ್ಲಿ ಅಪ್ಪ, ಅವ್ವ, ಹೆಂಡತಿ, ಮಗಳು ಎಲ್ಲರನ್ನೂ ಕರಕೊಂಡು ನಮ್ಮ ಕಡೆಯದೇ ಒಂದು ಹಳೇ ವಾಡೆಯಲ್ಲಿ ಎರಡು ರಾತ್ರಿ ಉಳಿದು ಬಂದೆ. ದೇಸಾಯರ ಕಾಲದ ಮನೆ, ಸುತ್ತ ತೊಗರಿ ಹೊಲ. ಈಗ ಅದು ಹೆರಿಟೇಜ್ ಫಾರ್ಮ್‌ಸ್ಟೇ. ಬುಕ್ ಮಾಡುವಾಗ ಹೆಂಡತಿ, "ಅಲ್ಲಿಂದ ನಿಮ್ಮೂರು ನಲವತ್ತೇ ಕಿಲೋಮೀಟರ್ ಅಲ್ವಾ? ಊರಿಗೇ ಹೋಗಬಹುದಲ್ಲ?" ಅಂದಳು. ಸಿಂದಗಿ ತಾಲೂಕಿನ ನಮ್ಮ ಮನೆಯ ಪತ್ರಾಸಿನ ಕೆಳಗೆ ಆಕೆ ಒಂದು ಬೇಸಿಗೆ ತೆಗೆದದ್ದನ್ನು ನಾನು ನೋಡಿದ್ದೆ. ಸುಮ್ಮನೆ ಬುಕ್ ಮಾಡಿದೆ.

ಆ್ಯಪ್‌ನಲ್ಲಿ ಸ್ಟಾರ್ ಕೊಡು ಅಂದರೆ ಐದಕ್ಕೆ ನಾಲ್ಕು ಕೊಡ್ತೀನಿ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಊಟದಲ್ಲಿ ಹೆಸರಿಡೋ ಹಾಗಿಲ್ಲ. ಹಾಸಿಗೆ ಸ್ವಚ್ಛ, ಕೆಲಸದವರು ಒಳ್ಳೆಯವರು. ಉಳಿದ ಆ ಒಂದು ಸ್ಟಾರಿನ ಲೆಕ್ಕ ಹೇಳೋಕೆ ಇಷ್ಟು ಬರೀಬೇಕಾಯ್ತು.

ಮೊದಲು ಮನೆಯ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೇ ಮನೆಗಳಿಗೆ ಹೆಂಚಿಲ್ಲ, ಇಳಿಜಾರಿಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಸದೆ, ಎಲ್ಲಕ್ಕೂ ಮೇಲೆ ದಪ್ಪಗೆ ಮಣ್ಣು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ತಕ್ಕ ಮನೆ. ಎರಡು ಮೂರು ಅಡಿ ದಪ್ಪದ ಗೋಡೆ ಬಿಸಿಲನ್ನ ಹೊರಗೇ ತಡೆಯುತ್ತೆ, ಮಾಳಿಗೆಯ ಬೆಳಕಿಂಡಿ ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುತ್ತೆ. ಈ ವಾಡೆಯಲ್ಲಿ ಗೋಡೆ ಉಳಿಸಿದ್ದಾರೆ, ಬೆಳಕಿಂಡಿಗಳನ್ನ ಮುಚ್ಚಿ ಎಸಿ ಹಾಕಿದ್ದಾರೆ. ಹಾಗಾಗಿ ಮಟಮಟ ಮಧ್ಯಾಹ್ನವೂ ಲೈಟು ಉರಿಯುತ್ತೆ. ಸರಿಯಾಗಿ ನಡೀತಿದ್ದ ಕೋಡನ್ನ ಓದದೇ ಮೇಲೊಂದು ಪ್ಯಾಚ್ ಹಾಕುವವರನ್ನ ನಾನು ಆಫೀಸಿನಲ್ಲೂ ನೋಡಿದ್ದೀನಿ.

ಇದನ್ನ ಕ್ಷಮಿಸಬಹುದು. ನನ್ನ ತಕರಾರು ಪಡಸಾಲೆಯಲ್ಲಿದೆ.

ಪಡಸಾಲೆಯ ನೆಲದಲ್ಲಿ ಹಗೇವು ಇದೆ. ಬಾಯಿ ಸಣ್ಣದು, ಒಳಗೆ ಕೋಣೆಯಷ್ಟು ಅಗಲ. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡೋದಿಲ್ಲ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನೋ ಸೀಮೆಯಲ್ಲಿ ಬೆಳೆದ ವರ್ಷದ ಕಾಳು ಬರದ ವರ್ಷಕ್ಕೆ ಉಳಿಯುತ್ತಿದ್ದದ್ದು ಹೀಗೆ. ಈಗ ಅದರ ಬಾಯಿಗೆ ದಪ್ಪ ಗಾಜು ಕೂರಿಸಿ ಒಳಗೆ ಹಳದಿ ದೀಪ ಬಿಟ್ಟಿದ್ದಾರೆ. ಪಕ್ಕದ ಬೋರ್ಡು ಆಳ ಎಷ್ಟು, ಎಷ್ಟು ಚೀಲ ಹಿಡಿಯುತ್ತೆ ಅಂತ ಹೇಳುತ್ತೆ. ಮಗಳು ಗಾಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡಳು. "ಮುತ್ಯಾ, ಬಾ" ಅಂತ ಕರೆದಳು. ಅಪ್ಪ ಹೋಗಲಿಲ್ಲ.

"ನಮ್ಮೂರ ಗೌಡ್ರ ಮನ್ಯಾಗೂ ಇಂಥಾದ್ದ ಇತ್ತು, ತಮ್ಮಾ. ನಾ ಸಣ್ಣಾವಿದ್ದೆ, ಬಾಯಾಗ ಹಿಡೀತಿದ್ದೆ. ನಡಕ್ಕ ಹಗ್ಗ ಕಟ್ಟಿ ಇಳಸ್ತಿದ್ರು."

ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಆಮ್ಲಜನಕ ತೀರಿಸಿರುತ್ತೆ. ಹುಳ ಬದುಕದೇ ಇರೋದು ಅದಕ್ಕೇ, ಮನುಷ್ಯನೂ ಅಷ್ಟೇ. ಬಾಯಿ ತೆಗೆದು ಗಾಳಿ ಆಡಲು ಬಿಟ್ಟು, ಮೊದಲು ಕಂದೀಲು ಇಳಿಸಬೇಕು. ಅದು ಆರಿದರೆ ಆ ದಿನ ಯಾರೂ ಇಳಿಯಬಾರದು. "ಒಮ್ಮಿ ಗಡಿಬಿಡ್ಯಾಗ ಕಂದೀಲ ಬಿಡಲಿಲ್ಲ. ಅವತ್ತ ನಾ ಇಳಿದಿರಲಿಲ್ಲ, ನಮ್ಮ ಕಾಕಾನ ಮಗ ಇಳಿದಿದ್ದ" ಅಂದ ಅಪ್ಪ. ಮುಂದೆ ಏನಾಯ್ತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂಥ ಒಬ್ಬ ದೊಡ್ಡಪ್ಪ ನನಗಿದ್ದ ಅನ್ನೋದೇ ಮೂವತ್ತಾರು ವರ್ಷದಲ್ಲಿ ಗೊತ್ತಿರಲಿಲ್ಲ.

ಬೋರ್ಡಿನಲ್ಲಿ ಚೀಲದ ಲೆಕ್ಕ ಇದೆ, ಇಳಿದವರ ಸುದ್ದಿ ಇಲ್ಲ. ಬಾಗಿಲ ಬಳಿಯ ಇತಿಹಾಸದ ಬೋರ್ಡೂ ಅಷ್ಟೇ. ಆದಿಲ್‌ಶಾಹಿ, ಪೇಶ್ವೆ, ಬ್ರಿಟಿಷರು ಆದಮೇಲೆ ನೇರ ಇವತ್ತಿನ ರಿನೋವೇಶನ್ನಿಗೆ ಜಿಗಿಯುತ್ತೆ. ನಡುವೆ 1974ರ ಮಾರ್ಚ್ 1 ಇಲ್ಲ. ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಉಳುವ ಗೇಣಿದಾರನಿಗೆ ಹೊಲ ಅಂತಾಯ್ತು, ವಾಡೆಗಳ ದೆಸೆ ತಿರುಗಿದ್ದರಲ್ಲಿ ಆ ಕಾಯ್ದೆಯ ಪಾಲು ದೊಡ್ಡದು. ವರ್ಷದ ಸಂಬಳಕ್ಕಿದ್ದ ನನ್ನ ಮುತ್ಯಾನಂಥವರಿಗೆ ಅದರಲ್ಲೂ ಹೊಲ ಸಿಗಲಿಲ್ಲ, ಅವರು ಗೇಣಿದಾರರಾಗಿರಲಿಲ್ಲ. ಇದನ್ನೆಲ್ಲ ಬಿಟ್ಟು ವಾಡೆಯ ಇತಿಹಾಸ ಹೇಳಿದರೆ ಉಳಿಯೋದು ಕಂಬದ ಕೆತ್ತನೆ ಒಂದೇ.

ಹೇಳೋಕೆ ಬರುತ್ತೆ ಅನ್ನೋದಕ್ಕೆ ಉದಾಹರಣೆ ದೂರ ಇಲ್ಲ. ಹಾವೇರಿ ಜಿಲ್ಲೆ ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿರೋ ಹಳ್ಳಿಯ ಜನ ಸಿಮೆಂಟಿನವರು, ಆದರೆ ಕೈಯಲ್ಲಿ ಕೆಲಸ ಇದೆ. ವಾಡೆಯಲ್ಲಿ ಎಲ್ಲವೂ ಅಸಲಿ, ಕೆಲಸ ಮಾಡಿದವರು ಮಾತ್ರ ಇಲ್ಲ.

ಹಾಗಂತ ಇಂಥ ಕಡೆ ಹೋಗಬೇಡಿ ಅಂತ ನಾನು ಹೇಳಲ್ಲ. ಹಳೇ ಕೊಲ್ಹಾರದಂಥ ಊರು ಆಲಮಟ್ಟಿ ಹಿನ್ನೀರಿನ ಪಾಲಾಯ್ತು, ಅಲ್ಲಿನ ಮನೆಗಳನ್ನ ಇನ್ನು ಯಾರೂ ತೋರಿಸೋಕಾಗಲ್ಲ. ನಮ್ಮೂರ ಗೌಡರ ವಾಡೆಯ ಮಾಳಿಗೆ ಕುಸಿದಿದೆ, ಕಂಬ ಮಾರಾಟವಾಗಿವೆ, ಹಗೇವಿಗೆ ಕಸ ಸುರೀತಾರೆ. ದುಡ್ಡು ಕೊಡೋ ಅತಿಥಿಗಳು ಇಲ್ಲದಿದ್ದರೆ ಈ ವಾಡೆಯ ಗತಿಯೂ ಅದೇ ಆಗ್ತಿತ್ತು. ನಾನು ಅಪ್ಪನನ್ನ ಅಲ್ಲಿಗೆ ಕರಕೊಂಡು ಹೋಗದಿದ್ದರೆ ಅವನೂ ಆ ಮಾತು ಆಡ್ತಿರಲಿಲ್ಲ. ಅಷ್ಟಕ್ಕೆ ಆ ಗಾಜಿಗೆ ನಾನು ಋಣಿ.

ಎರಡನೇ ದಿನ ಮನೆ ತೋರಿಸುವ ಹುಡುಗನನ್ನ ಕೂರಿಸಿಕೊಂಡು ಅಪ್ಪ ಕಂದೀಲಿನ ವಿಷಯ ಹೇಳಿದ. ನಾವು ಹೊರಡುವ ಹೊತ್ತಿಗೆ ಆ ಹುಡುಗ ಹೊಸದಾಗಿ ಬಂದ ಇನ್ನೊಂದು ಕುಟುಂಬಕ್ಕೆ ಗಾಜಿನ ಪಕ್ಕ ನಿಂತು ಅದನ್ನೇ ಹೇಳ್ತಿದ್ದ. ಬೋರ್ಡಿನಲ್ಲೂ ನಾಲ್ಕು ಸಾಲು ಬರೀರಿ ಅಂತ ಮಾಲೀಕರಿಗೆ ಮೆಸೇಜ್ ಹಾಕಿದ್ದೀನಿ. ನೀವು ಹೋದಾಗಲೂ ಕೇಳಿ: ಇದರೊಳಗೆ ಯಾರು ಇಳೀತಿದ್ರು?