ಯಂತ್ರವೂ ಗುಮಾಸ್ತನೂ

"ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆಯನ್ನು ನಮ್ಮವರು ಸರಕಾರಿ ಕಚೇರಿಗಳ ಬಗ್ಗೆ ಹೇಳುವುದೇ ಹೆಚ್ಚು. ಪೂಜಾರಿಯ ಜಾಗದಲ್ಲಿ ಯಂತ್ರವನ್ನು ಕೂರಿಸಿದರೆ ವರ ನೇರವಾಗಿ ಭಕ್ತನ ಕೈ ಸೇರೀತೆಂಬ ನಂಬಿಕೆ ಈಗ ಎಲ್ಲೆಡೆ ಹಬ್ಬಿದೆ. ನಮ್ಮ ಬೃಹನ್ಮುಂಬಯಿ ಮಹಾನಗರಪಾಲಿಕೆಯೂ 2022ರ ಜನವರಿಯಲ್ಲಿ ವಾಟ್ಸ್‌ಆಪ್ ಮೂಲಕ 80ಕ್ಕೂ ಹೆಚ್ಚು ಸೇವೆ ಹಾಗೂ ಮಾಹಿತಿಗಳನ್ನು ಕೊಡತೊಡಗಿತು. ದಿನವೂ ದಹಿಸರಿನಿಂದ ಲೋಕಲ್ ಗಾಡಿ ಹಿಡಿದು ಕೆಲಸಕ್ಕೆ ಓಡುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವೇನಲ್ಲ. ಆದರೆ ಸೇವೆಯ ಹೆಸರು ಮೊಬೈಲಿನಲ್ಲಿ ಕಾಣುವುದು ಬೇರೆ, ಅದನ್ನು ನಡೆಸಿಕೊಡುವ ಶಕ್ತಿ ಪಾಲಿಕೆಗೆ ಬರುವುದು ಬೇರೆ. ಈ ಎರಡನೆಯದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಮೊದಲು ಒಂದು ಸೋಲನ್ನು ನೋಡೋಣ. ರಸ್ತೆಯ ಗುಂಡಿಗಳ ಚಿತ್ರಗಳನ್ನು ಅಂತರ್ಜಾಲದ ನಕಾಶೆಯಲ್ಲಿ ಗುರುತಿಸುವ ವ್ಯವಸ್ಥೆಯನ್ನು ಪಾಲಿಕೆ 2011ರಲ್ಲಿ ತಂದಿತು. ಎಲ್ಲಿ ಗುಂಡಿ ಬಿದ್ದಿದೆ, ಯಾವುದು ಮುಚ್ಚಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಕಲ್ಪನೆ ಒಳ್ಳೆಯದೇ. ಆದರೆ ಅದನ್ನು ಕಟ್ಟಿಕೊಟ್ಟದ್ದು ಹೊರಗಿನ ಸಂಸ್ಥೆ. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ನಿಂತುಹೋಯಿತು. ಮುಂದೆ ಬೇರೆ ಆಪ್ ಬಂತು. ಬಾಡಿಗೆಯ ಎತ್ತು ಹಿಂತಿರುಗಿದ ಮೇಲೆ ಕೊಟ್ಟಿಗೆ ಮತ್ತೆ ಬರಿದು.

ಇನ್ನು ಗೆಲುವಿನ ಮಾತು. 2020ರ ಕೊರೋನಾ ಕಾಲವನ್ನು ನಾವು ಯಾರೂ ಮರೆತಿಲ್ಲ. ಮೊದಮೊದಲು ಇಡೀ ನಗರಕ್ಕೆ 1916 ಎಂಬ ಒಂದೇ ದೂರವಾಣಿ ಸಂಖ್ಯೆ. ಆಸ್ಪತ್ರೆಯ ಒಂದು ಹಾಸಿಗೆಗಾಗಿ ಜನ ಊರೆಲ್ಲ ಅಲೆದರು. ಆ ಜೂನ್ ತಿಂಗಳಲ್ಲಿ ಪಾಲಿಕೆ ಆಗ ಇದ್ದ 24 ವಾರ್ಡುಗಳಲ್ಲಿ ಒಂದೊಂದು ವಾರ್ ರೂಮ್ ತೆರೆಯಿತು. ದಹಿಸರು ಸೇರಿರುವ ಆರ್-ಉತ್ತರ ವಾರ್ಡಿಗೂ ಒಂದು ಸಿಕ್ಕಿತು. ಪ್ರಯೋಗಾಲಯದ ವರದಿ ಮೊದಲು ಪಾಲಿಕೆಗೆ, ಅಲ್ಲಿಂದ ಆಯಾ ವಾರ್ಡಿಗೆ. ವಾರ್ಡಿನವರೇ ರೋಗಿಯ ಮನೆಗೆ ಫೋನು ಮಾಡಿ, ಸ್ಥಿತಿ ವಿಚಾರಿಸಿ, ಹಾಸಿಗೆ ಗೊತ್ತುಮಾಡುತ್ತಿದ್ದರು. 2021ರ ಮೇ ತಿಂಗಳಲ್ಲಿ ಆಮ್ಲಜನಕದ ವಿಷಯದಲ್ಲಿ ಮುಂಬಯಿಯನ್ನು ನೋಡಿ ಕಲಿಯಿರೆಂದು ಸುಪ್ರೀಂ ಕೋರ್ಟು ದಿಲ್ಲಿಗೆ ಹೇಳಿತು.

ಇಲ್ಲಿ ಕೆಲಸ ಮಾಡಿದ್ದು ಬರಿಯ ಗಣಕಯಂತ್ರವೇ? ಖಾಲಿ ಹಾಸಿಗೆಗಳ ಲೆಕ್ಕವನ್ನು ಅದು ತೋರಿಸಿತು, ನಿಜ. ಆದರೆ ಆ ಲೆಕ್ಕ ನೋಡಿ "ಈ ರೋಗಿಗೆ ಈ ಹಾಸಿಗೆ" ಎಂದು ನಿಂತಲ್ಲೇ ತೀರ್ಮಾನಿಸುವ ಅಧಿಕಾರ ವಾರ್ಡಿನಲ್ಲಿ ಕುಳಿತ ವೈದ್ಯನಿಗೆ ಇತ್ತು. ಉಷ್ಣಮಾಪಕ ಜ್ವರವನ್ನು ತೋರಿಸೀತು, ಇಳಿಸಲಾರದು.

ಇದೇ ಪಾಠವನ್ನು ನಮ್ಮ ಕರ್ನಾಟಕ ಇದಕ್ಕೂ ಮೊದಲೇ ಹೇಳಿಕೊಟ್ಟಿತ್ತು. ಊರಿನಲ್ಲಿ ತುಂಡು ಜಮೀನಿರುವ ಓದುಗರಿಗೆ "ಭೂಮಿ" ಯೋಜನೆ ಗೊತ್ತೇ ಇದೆ. 2002ರ ವೇಳೆಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿ, 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಯನ್ನು ಸರಕಾರ ರದ್ದುಮಾಡಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು, ಯಾರದನ್ನೂ ಮುಂದೆ ನೂಕುವಂತಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಯಂತ್ರವನ್ನು ಮುಟ್ಟಬೇಕು. ಗ್ರಾಮಲೆಕ್ಕಿಗರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಕೇಂದ್ರಗಳಲ್ಲಿ ಕೂರಿಸಲಾಯಿತು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ವರ್ಷಗಟ್ಟಲೆ ಇದರ ಬೆನ್ನಿಗೆ ನಿಂತರು. ದೋಷವಿರಲಿಲ್ಲವೆಂದಲ್ಲ: ಹಳ್ಳಿಯಲ್ಲೇ ಸಿಗುತ್ತಿದ್ದ ಪಹಣಿಗಾಗಿ ರೈತ ತಾಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕಾಯಿತು. ಆದರೂ ಯಂತ್ರದ ಜತೆಗೆ ನಿಯಮವೂ ಮನುಷ್ಯನೂ ಬದಲಾದರು.

ಮುಂಬಯಿಯ ಬಗ್ಗೆ ನಮ್ಮ ಆಕ್ಷೇಪವೂ ಇಲ್ಲಿಯೇ. ಪಿಡುಗು ಇಳಿದಂತೆ ವಾರ್ ರೂಮುಗಳ ಕೆಲಸ ಇಳಿದದ್ದು ಸಹಜ. ಆದರೆ ಅವುಗಳ ರೀತಿ ಗಟಾರ, ನೀರು, ಕಸದ ದೂರುಗಳಿಗೂ ಬರಬೇಕಿತ್ತು. ಕಡತಗಳ ನಡುವೆಯೇ ವಯಸ್ಸು ಕಳೆದ ನಮಗೆ ಒಂದು ಸಂಗತಿ ಗೊತ್ತು: ಕಡತ ಮುಗಿಸುವುದು ಸುಲಭ, ಕೆಲಸ ಮುಗಿಸುವುದು ಕಷ್ಟ. ಎಣಿಸುವುದು ಮುಗಿದ ಕಡತಗಳನ್ನೇ ಆದರೆ ಯಾವ ಗುಮಾಸ್ತನೂ ಕಡತವನ್ನೇ ಮುಗಿಸುತ್ತಾನೆ. ಯಂತ್ರ ಬಂದರೆ ಇನ್ನೂ ಬೇಗ ಮುಗಿಸುತ್ತಾನೆ.

ಆದ್ದರಿಂದ ಪಾಲಿಕೆ ಮೂರು ಕೆಲಸ ಮಾಡಲಿ. ದೂರು ಕೊಟ್ಟವನು ಒಪ್ಪಿದ ಮೇಲೆಯೇ ದೂರು ಮುಗಿಯಿತೆಂದು ಬರೆದುಕೊಳ್ಳಲಿ. ವಾರ್ಡಿನ ಕಿರಿಯ ನೌಕರನಿಗೆ ತರಬೇತಿಯ ಜತೆಗೆ ಅಷ್ಟಿಷ್ಟು ಅಧಿಕಾರವನ್ನೂ ಕೊಡಲಿ. ಮೊಬೈಲು ಬಾರದವರಿಗಾಗಿ ಕಿಟಕಿಯನ್ನು ತೆರೆದೇ ಇಡಲಿ. ಊರಿಂದ ಬಂದು ಮಗನ ಮನೆಯಲ್ಲಿರುವ, ಕನ್ನಡ ಬಿಟ್ಟು ಬೇರೆ ಓದಲಾರದ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಅಷ್ಟರವರೆಗೆ ನಮ್ಮ ತರುಣರು ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಕುಳಿತು ಇಂಥ ಹಿರಿಯರ ಅರ್ಜಿಗಳನ್ನು ತುಂಬಿಕೊಡಬಾರದೇಕೆ? ಒಂದು ಮೇಜು, ಒಂದು ಮೊಬೈಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.