ಮೆನುವಿನಲ್ಲಿ ಇಲ್ಲದ ಬಟನ್: ‘ಕ್ಯಾನಿಬಲ್ ಹೋಲೋಕಾಸ್ಟ್’ ಮತ್ತು ಅದರ ಡಿವಿಡಿ

2005ರಲ್ಲಿ ಅಮೆರಿಕದ ಗ್ರೈಂಡ್‌ಹೌಸ್ ರಿಲೀಸಿಂಗ್ ಎಂಬ ಕಂಪನಿ ‘ಕ್ಯಾನಿಬಲ್ ಹೋಲೋಕಾಸ್ಟ್’ ಎಂಬ ಇಟಲಿಯ ಹಳೆಯ ಚಿತ್ರವನ್ನು ಎರಡು ಡಿಸ್ಕುಗಳ ಡಿವಿಡಿಯಾಗಿ ತಂದಿತು. ಅದರಲ್ಲೊಂದು ಸೌಲಭ್ಯ ಇತ್ತು. ಈ ಸಿನಿಮಾದಲ್ಲಿ ಕ್ಯಾಮರಾ ಮುಂದೆ ನಿಜವಾಗಿಯೇ ಪ್ರಾಣಿಗಳನ್ನು ಕೊಂದಿದ್ದಾರೆ. ಅದನ್ನು ನೋಡಲಾರೆ ಅನ್ನುವವರು ಮೆನುವಿನಲ್ಲಿ ಬೇರೆ ಆಯ್ಕೆ ಒತ್ತಿದರೆ ಆ ದೃಶ್ಯಗಳನ್ನು ಬಿಟ್ಟು ಸಿನಿಮಾ ಓಡುತ್ತದೆ. ಒಳ್ಳೆಯ ಏರ್ಪಾಟೇ. ನನ್ನ ತಕರಾರು ಆ ಬಟನ್ ಬಗ್ಗೆ ಅಲ್ಲ, ಅದರ ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದರ ಬಗ್ಗೆ.

ಮುಂಬೈ, ಪುಣೆಯ ಕಾಲೇಜುಗಳಲ್ಲಿ ಮಾಸ್ ಮೀಡಿಯಾ ಓದುವ ನಮ್ಮ ಹುಡುಗ ಹುಡುಗಿಯರು ಈ ಚಿತ್ರದ ಹೆಸರನ್ನು ‘ಫೌಂಡ್ ಫೂಟೇಜ್’ ಪಾಠದಲ್ಲಿ ಕೇಳಿರುತ್ತಾರೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮಾಡಿದ ಉಪಾಯವನ್ನು, ಅಂದರೆ ಕಾಣೆಯಾದವರ ಕ್ಯಾಮರಾದಲ್ಲಿ ಸಿಕ್ಕ ಚಿತ್ರಗಳು ಇವು ಅಂತ ಪ್ರೇಕ್ಷಕರನ್ನು ನಂಬಿಸುವುದನ್ನು, ರುಜ್ಜೆರೊ ದೆವೋದಾತೊ 1980ರಲ್ಲೇ ಮಾಡಿದ್ದ. ಪಾಠಕ್ಕಾಗಿ ಹುಡುಕಿ ನೋಡಬೇಕು ಅಂದುಕೊಂಡವರಿಗೆ ಒಂದು ಮಾತು: ನೋಡದಿದ್ದರೆ ಏನೂ ನಷ್ಟವಿಲ್ಲ. ಬೇಕಾದ ಕತೆ ಇಲ್ಲೇ ಇದೆ.

ನಾಲ್ಕು ಜನರ ಅಮೆರಿಕನ್ ಡಾಕ್ಯುಮೆಂಟರಿ ತಂಡ ಅಮೆಜಾನ್ ಕಾಡಿಗೆ ನರಭಕ್ಷಕರ ಬಗ್ಗೆ ಚಿತ್ರ ಮಾಡಲು ಹೋಗಿ ಕಾಣೆಯಾಗಿದೆ. ಅವರನ್ನು ಹುಡುಕಲು ನ್ಯೂಯಾರ್ಕಿನ ಮಾನವಶಾಸ್ತ್ರದ ಪ್ರೊಫೆಸರ್ ಮನ್ರೋ ಹೋಗುತ್ತಾನೆ. ಜನ ಸಿಗುವುದಿಲ್ಲ, ಎಲುಬುಗಳ ಜೊತೆ ಫಿಲ್ಮ್ ಡಬ್ಬಿಗಳು ಸಿಗುತ್ತವೆ. ಟಿವಿ ಕಂಪನಿಗೆ ಅದನ್ನು ಪ್ರಸಾರ ಮಾಡುವ ಆತುರ. ಪ್ರೊಫೆಸರ್ ಒಂದೊಂದೇ ರೀಲು ನೋಡುತ್ತಾ ಹೋದಂತೆ ಗೊತ್ತಾಗುತ್ತದೆ: ಕಾಡಿನ ಜನ ಸುಮ್ಮಸುಮ್ಮನೆ ಕೊಂದದ್ದಲ್ಲ. ಚೆನ್ನಾಗಿರೋ ಶಾಟ್ ಬೇಕು ಅಂತ ಈ ನಾಲ್ವರು ಯಾಕುಮೊ ಎಂಬವರ ಊರಿಗೆ ನುಗ್ಗಿ, ಜನರನ್ನು ಒಂದು ಗುಡಿಸಲಿಗೆ ತಳ್ಳಿ ಬೆಂಕಿ ಹಚ್ಚಿ, ಅದನ್ನೇ ಬುಡಕಟ್ಟುಗಳ ನಡುವಿನ ಕಗ್ಗೊಲೆ ಅಂತ ಚಿತ್ರೀಕರಿಸಿದ್ದರು. ಆಮೇಲೆ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದರು. ಆ ಹುಡುಗಿ ಶೂಲಕ್ಕೇರಿದ ಸ್ಥಿತಿಯಲ್ಲಿ ಸಿಕ್ಕಾಗ ತಂಡದ ನಾಯಕ ನಗುತ್ತಿರುತ್ತಾನೆ. ಕ್ಯಾಮರಾ ಓಡ್ತಾ ಇದೆ ಅಂತ ಯಾರೋ ಎಚ್ಚರಿಸಿದ ಕೂಡಲೇ ಮುಖ ಬದಲಾಯಿಸಿ, ಇದೆಂಥ ಘೋರ ಅಂತ ಮರುಗುತ್ತಾನೆ.

ಆ ಕೆಲವು ಸೆಕೆಂಡುಗಳಿಗಾಗಿ ದೆವೋದಾತೊನನ್ನು ಮೆಚ್ಚಲೇಬೇಕು. ಸುದ್ದಿ ಮಾರುವವರ ಬಗ್ಗೆ ಅಷ್ಟು ಚಿಕ್ಕದಾಗಿ, ಅಷ್ಟು ಖಾರವಾಗಿ ಹೇಳಿದ ದೃಶ್ಯ ಗಂಭೀರ ಸಿನಿಮಾಗಳಲ್ಲೂ ಕಡಿಮೆ. ಈತ ಒಂದು ಕಾಲದಲ್ಲಿ ರೊಸೆಲ್ಲಿನಿಯ ಸಹಾಯಕನಾಗಿ ದುಡಿದವನು. ನಿಜ ಜಾಗ, ನಿಜ ಬೆಳಕು ಅನ್ನೋದನ್ನು ಅಲ್ಲೇ ಕಲಿತಿರಬೇಕು. ಚಿತ್ರದ ಮೊದಲ ಅರ್ಧ ಮಾಮೂಲಿ ಸಿನಿಮಾದ ಹಾಗೆ ನೀಟಾಗಿದೆ. ರೀಲುಗಳು ಶುರುವಾದ ಮೇಲೆ 16 ಎಂಎಂ ಕ್ಯಾಮರಾ ಕೈಯಲ್ಲಿ ಕುಣಿಯುತ್ತದೆ, ಫಿಲ್ಮಿನ ಮೇಲೆ ಗೀರುಗಳು, ಅಲ್ಲಲ್ಲಿ ಸದ್ದೇ ಇಲ್ಲ. ಸಂಗೀತ ರಿಜ್ ಓರ್ತೊಲಾನಿಯದು. ಗುಡಿಸಲು ಉರಿಯುವಾಗಲೂ ಮಗುವನ್ನು ಮಲಗಿಸುವಂಥ ಇಂಪಾದ ರಾಗ ಹರಿಯುತ್ತದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ಇದೇ ಓರ್ತೊಲಾನಿ 1962ರ ‘ಮೊಂದೊ ಕಾನೆ’ಗೂ ಸಂಗೀತ ಕೊಟ್ಟಿದ್ದ. ಜಗತ್ತಿನ ‘ವಿಚಿತ್ರ’ ಜನರನ್ನು ಪ್ರದರ್ಶನಕ್ಕಿಟ್ಟು ದುಡ್ಡು ಮಾಡಿದ ಡಾಕ್ಯುಮೆಂಟರಿಗಳ ಸಾಲೇ ಆ ಚಿತ್ರದಿಂದ ಹುಟ್ಟಿತು. ದೆವೋದಾತೊ ಗೇಲಿ ಮಾಡಿದ್ದು ಅವುಗಳನ್ನೇ.

ಆದರೆ ಗೇಲಿ ಮಾಡುವವನ ಕೈ ಏನು ಮಾಡ್ತಾ ಇತ್ತು? ಚಿತ್ರದೊಳಗಿನ ತಂಡ ಶಾಟಿಗಾಗಿ ಜೀವ ತೆಗೆಯಿತು ಅಂತ ನಮಗೆ ತೋರಿಸಲು ಇವನೂ ಶಾಟಿಗಾಗಿ ಜೀವ ತೆಗೆದ. ಆಮೆ, ಹಂದಿ, ಕೋವಾಟಿ ಎಂಬ ಸಣ್ಣ ಕಾಡುಪ್ರಾಣಿ, ಹಾವು. ಕೋತಿಯ ದೃಶ್ಯವನ್ನು ಎರಡು ಸಲ ತೆಗೆಯಬೇಕಾಯಿತು ಅಂತ ಎರಡು ಕೋತಿಗಳು. ಪ್ರೊಫೆಸರ್ ಪಾತ್ರ ಮಾಡಿದ ರಾಬರ್ಟ್ ಕೆರ್ಮನ್ ಕೋವಾಟಿಯ ದೃಶ್ಯ ಶೂಟ್ ಆಗುವಾಗ ಅಲ್ಲಿಂದ ಎದ್ದು ಹೋದೆ ಅಂತ ಮುಂದೆ ಹೇಳಿಕೊಂಡಿದ್ದಾನೆ. ಇನ್ನೂ ಒಂದಿದೆ. ಆ ತಂಡದವರು ಹಿಂದೆ ಮಾಡಿದ್ದು ಅಂತ ಟಿವಿ ಕಂಪನಿಯವರು ತೋರಿಸುವ ಚಿತ್ರದ ತುಣುಕಿನಲ್ಲಿ ಇರುವುದು ಆಫ್ರಿಕಾ ಮತ್ತು ಏಷ್ಯಾದಲ್ಲಿ ನಡೆದ ನಿಜವಾದ ಮರಣದಂಡನೆಗಳ ಫೂಟೇಜ್. ಅಂದರೆ ಈ ಸಿನಿಮಾದಲ್ಲಿ ಸತ್ತ ಬಿಳಿಯರೆಲ್ಲ ನಟರು. ನಿಜವಾಗಿ ಸತ್ತ ಮನುಷ್ಯರೂ ಇದ್ದಾರೆ, ಅವರ ಚರ್ಮದ ಬಣ್ಣ ಬೇರೆ. ವಿಮರ್ಶಕರು ಪ್ರಾಣಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಈ ತುಣುಕನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಮಿಲಾನ್‌ನಲ್ಲಿ ತೆರೆ ಕಂಡ ಸುಮಾರು ಹತ್ತು ದಿನಕ್ಕೆ ಕೋರ್ಟು ಚಿತ್ರವನ್ನು ಜಪ್ತಿ ಮಾಡಿತು. ಆಮೇಲೆ ನಟರನ್ನು ನಿಜವಾಗಿಯೇ ಕೊಂದಿರಬಹುದು ಅನ್ನೋ ಅನುಮಾನವೂ ದೆವೋದಾತೊನ ಮೇಲೆ ಬಂತು. ಅನುಮಾನಕ್ಕೆ ಅವನೇ ದಾರಿ ಮಾಡಿಕೊಟ್ಟಿದ್ದ: ಸಿನಿಮಾ ನಿಜ ಅನ್ನಿಸಲಿ ಅಂತ, ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಎಂದು ನಟರಿಂದ ಕರಾರು ಬರೆಸಿಕೊಂಡಿದ್ದ. ಕೊನೆಗೆ ಕರಾರು ಮುರಿದು ಅವರನ್ನು ಜೀವಂತ ಹಾಜರುಪಡಿಸಬೇಕಾಯಿತು. ಶೂಲದ ಹುಡುಗಿ ಕಬ್ಬಿಣದ ಕಂಬಕ್ಕೆ ಸೇರಿಸಿದ ಸೈಕಲ್ ಸೀಟಿನ ಮೇಲೆ ಕೂತಿದ್ದಳು, ಬಾಯಲ್ಲಿ ಹಗುರವಾದ ಮರದ ಚೂಪಾದ ತುಂಡು ಕಚ್ಚಿಕೊಂಡಿದ್ದಳು ಅಂತ ವಿವರಿಸಬೇಕಾಯಿತು. ಕೊಲೆಯ ಆರೋಪ ಬಿತ್ತು. ಅಶ್ಲೀಲತೆ ಮತ್ತು ಹಿಂಸೆಗಾಗಿ ನಾಲ್ಕು ತಿಂಗಳ ಅಮಾನತು ಶಿಕ್ಷೆ ಆಯಿತು. ಇಟಲಿಯಲ್ಲಿ ನಿಷೇಧ ತೆರವಾದದ್ದು 1984ರಲ್ಲಿ.

ಇನ್ನು ವಿಡಿಯೊ ಕತೆ. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಥಿಯೇಟರಿನ ಸಿನಿಮಾಕ್ಕೆ ಸೆನ್ಸಾರ್ ಇತ್ತು, ಮನೆಗೆ ಬಾಡಿಗೆಗೆ ತರುವ ಕ್ಯಾಸೆಟ್ಟಿಗೆ ಇರಲಿಲ್ಲ. ಆ ಸಂದಿಯಲ್ಲಿ 1982ರಲ್ಲಿ ಗೋ ವಿಡಿಯೊ ಎಂಬ ಕಂಪನಿ ಈ ಚಿತ್ರದ ಕ್ಯಾಸೆಟ್ ಬಿಟ್ಟಿತು. ಜನ ಗಮನಿಸಲಿ ಅಂತ ಕಂಪನಿಯವರೇ ಹೆಸರು ಮುಚ್ಚಿಟ್ಟು, ನೈತಿಕತೆಯ ಚಳವಳಿ ನಡೆಸುತ್ತಿದ್ದ ಮೇರಿ ವೈಟ್‌ಹೌಸ್ ಅವರಿಗೆ ತಮ್ಮ ಚಿತ್ರದ ಮೇಲೆ ತಾವೇ ದೂರು ಕಳಿಸಿದರು ಅನ್ನೋ ಕತೆ ಪ್ರಸಿದ್ಧ. ಪ್ರಚಾರ ಬೇಕಾದಷ್ಟು ಸಿಕ್ಕಿತು, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಪತ್ರಿಕೆಗಳು ಇಂಥ ಕ್ಯಾಸೆಟ್ಟುಗಳಿಗೆ ‘ವಿಡಿಯೊ ನ್ಯಾಸ್ಟಿ’ ಅಂತ ಹೆಸರಿಟ್ಟವು. ಸರ್ಕಾರಿ ಅಭಿಯೋಜಕರು 72 ಚಿತ್ರಗಳ ಪಟ್ಟಿ ಮಾಡಿದರು. ಕೋರ್ಟಿನಲ್ಲಿ ಅಶ್ಲೀಲ ಎಂದು ಸಾಬೀತಾದವು 39, ಇದೂ ಅದರಲ್ಲೊಂದು. 1984ರಲ್ಲಿ ವಿಡಿಯೊ ರೆಕಾರ್ಡಿಂಗ್ಸ್ ಆಕ್ಟ್ ಬಂತು. ತಮಾಷೆ ಏನಂದ್ರೆ, ಆ ಕಾಯ್ದೆಯನ್ನು ಯುರೋಪಿಯನ್ ಕಮಿಷನ್ನಿಗೆ ವಿಧಿಪ್ರಕಾರ ತಿಳಿಸಿಯೇ ಇರಲಿಲ್ಲ ಅನ್ನೋದು 2009ರಲ್ಲಿ ಬೆಳಕಿಗೆ ಬಂದು, 2010ರಲ್ಲಿ ಅದನ್ನು ಮತ್ತೆ ಪಾಸು ಮಾಡಬೇಕಾಯಿತು.

ಸೆನ್ಸಾರಿನ ಕತ್ತರಿ ಮುಂದೆ ಹೇಗೆ ಸರಿಯಿತು ಗಮನಿಸಿ. 2001ರಲ್ಲಿ ಬ್ರಿಟಿಷ್ ಸೆನ್ಸಾರ್ ಮಂಡಳಿ 5 ನಿಮಿಷ 44 ಸೆಕೆಂಡು ಕತ್ತರಿಸಿ ಒಪ್ಪಿಗೆ ಕೊಟ್ಟಿತು. ಆಗ ಹೋದದ್ದು ಪ್ರಾಣಿಗಳ ಕೊಲೆ ಮತ್ತು ಹೆಂಗಸರ ಮೇಲಿನ ಅತ್ಯಾಚಾರದ ದೃಶ್ಯಗಳು. 2011ರಲ್ಲಿ ಮತ್ತೆ ಬಂದಾಗ ಕತ್ತರಿಸಿದ್ದು ಬರೀ 15 ಸೆಕೆಂಡು, ಕೋವಾಟಿ ನರಳಿ ಸಾಯುವ ಭಾಗ. ಚಿತ್ರೀಕರಣಕ್ಕಾಗಿ ಪ್ರಾಣಿಗೆ ಹಿಂಸೆ ಕೊಟ್ಟ ದೃಶ್ಯ ತೋರಿಸಬಾರದು ಅಂತ ಅಲ್ಲಿ 1937ರ ಕಾಯ್ದೆ ಇದೆ. ಬೇರೆ ಪ್ರಾಣಿಗಳು ಬೇಗ ಸತ್ತವು ಅನ್ನೋ ಲೆಕ್ಕದಲ್ಲಿ ಉಳಿದವು. ಹತ್ತು ವರ್ಷದಲ್ಲಿ ಅತ್ಯಾಚಾರದ ದೃಶ್ಯಗಳು ವಾಪಸ್ ಬಂದವು. ಅವು ನಟನೆ, ಯಾರಿಗೂ ನೋವಾಗಿಲ್ಲ, ನೋಡುವವರು ವಯಸ್ಕರು ಅನ್ನೋ ವಾದ ನನಗೆ ಅರ್ಥವಾಗುತ್ತದೆ. ಆದರೆ ಆ ದೃಶ್ಯಗಳಲ್ಲಿ ಕ್ಯಾಮರಾ ನಿಂತ ರೀತಿ ನೋಡಿ. ಅಲ್ಲಿ ದೆವೋದಾತೊನ ಕಣ್ಣು, ಅವನು ಖಂಡಿಸಲು ಹೊರಟ ತಂಡದ ಕಣ್ಣು, ಎರಡೂ ಬೇರೆ ಬೇರೆ ಅನ್ನಿಸೋದೇ ಇಲ್ಲ. ಚಿತ್ರ ಸೋಲುವುದು ಅಲ್ಲಿ.

ಈಗ ಆ ಇನ್ನೊಂದು ಬಟನ್. ಚಿತ್ರ ತನ್ನ ನರಭಕ್ಷಕರಿಗೆ ಕಾಲ್ಪನಿಕ ಹೆಸರಿಟ್ಟು ಸುಮ್ಮನಾಗಲಿಲ್ಲ. ಯಾನೊಮಾಮೊ, ಶಮತಾರಿ ಅಂತ ಕರೆದಿದೆ. ಯಾನೊಮಾಮಿಗಳು ಬ್ರೆಜಿಲ್ ಮತ್ತು ವೆನಿಜುವೆಲಾದ ಗಡಿಯ ಕಾಡಿನಲ್ಲಿ ಇವತ್ತಿಗೂ ಇರುವ ಜನ. ಶೂಟಿಂಗ್ ನಡೆದದ್ದು ಅಲ್ಲಿಂದ ಎಷ್ಟೋ ದೂರ, ಕೊಲಂಬಿಯಾದ ದಕ್ಷಿಣ ತುದಿಯ ಲೆಟಿಸಿಯಾ ಊರಿನ ಸುತ್ತ, ಅಲ್ಲಿನ ಬೇರೆ ಸ್ಥಳೀಯರನ್ನು ಇಟ್ಟುಕೊಂಡು. ಯಾನೊಮಾಮಿಗಳಲ್ಲಿ ಸತ್ತವರ ಸುಟ್ಟ ಮೂಳೆಯ ಪುಡಿಯನ್ನು ಬಾಳೆಹಣ್ಣಿನ ಗಂಜಿಗೆ ಬೆರೆಸಿ ಬಂಧುಗಳು ಕುಡಿಯುವ ಆಚರಣೆ ಇದೆ. ಅದು ದುಃಖದ ಕ್ರಮ. ಹೋದವರನ್ನು ಮಣ್ಣಿಗೆ ಬಿಡಲು ಮನಸ್ಸಾಗದವರ ಕ್ರಮ. ಸತ್ತವರ ಹೆಸರನ್ನು ಬಾಯಲ್ಲಿ ಹೇಳುವುದೂ ಅವರಿಗೆ ನಿಷಿದ್ಧ. ಇಂಥ ಜನರ ಹೆಸರು ಜಗತ್ತಿನ ಕ್ಯಾಸೆಟ್ ಅಂಗಡಿಗಳಿಗೆ ತಲುಪಿದ್ದು ಹಸಿ ಮಾಂಸ ಹರಿಯುವವರು ಅಂತ.

‘ಅದೊಂದು ಹಾರರ್ ಪಿಚ್ಚರ್, ಬಿಡಿ’ ಅನ್ನಬಹುದು. ಕ್ಯಾಸೆಟ್ಟು ಮನೆಮನೆಗೆ ಹೋಗುತ್ತಿದ್ದ ಅದೇ ದಶಕದಲ್ಲಿ ಬ್ರೆಜಿಲಿನ ಕಡೆಯಿಂದ ಚಿನ್ನ ಅಗೆಯುವವರು ಯಾನೊಮಾಮಿ ಕಾಡಿಗೆ ನುಗ್ಗಿದರು, ಸಾವಿರಗಟ್ಟಲೆ. ಮಲೇರಿಯಾ ತಂದರು, ನದಿಗೆ ಪಾದರಸ ಬಿಟ್ಟರು. ಆ ನೆಲ ಅವರದೇ ಅಂತ ಬ್ರೆಜಿಲ್ ಸರ್ಕಾರ ಗಡಿ ಹಾಕಿಕೊಟ್ಟದ್ದು 1992ರಲ್ಲಿ. 1993ರಲ್ಲಿ ಹಶಿಮು ಎಂಬಲ್ಲಿ ಅಗೆಯುವವರು 16 ಜನ ಯಾನೊಮಾಮಿಗಳನ್ನು ಕೊಂದರು; ಬ್ರೆಜಿಲಿನ ಕೋರ್ಟು ಅದನ್ನು ನರಮೇಧ ಎಂದು ತೀರ್ಪು ಕೊಟ್ಟಿತು. ಸಿನಿಮಾ ನೋಡಿ ಅವರು ಕೊಂದರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಬೇಕಾಗಿದ್ದದ್ದು ಚಿನ್ನ. ಆದರೆ ಒಂದು ಜನವನ್ನು ಕಾಡುಮೃಗ ಅಂತ ಜಗತ್ತು ಮೊದಲೇ ಕಲಿತಿದ್ದರೆ, ಅವರು ಸತ್ತ ಸುದ್ದಿ ಎಷ್ಟನೇ ಪುಟಕ್ಕೆ ಹೋಗುತ್ತದೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮಲ್ಲೇ ಆದ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. 2023ರ ‘ದಿ ಕೇರಳ ಸ್ಟೋರಿ’ಯ ಟೀಸರಿನಲ್ಲಿ 32,000 ಹೆಣ್ಣುಮಕ್ಕಳು ಅನ್ನೋ ಅಂಕಿ ಇತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಆ ಅಂಕಿಗೆ ಅಧಿಕೃತ ಆಧಾರವಿಲ್ಲ, ಇದು ಕಲ್ಪಿತ ರೂಪ ಅಂತ ಚಿತ್ರಕ್ಕೆ ಒಕ್ಕಣೆ ಸೇರಿಸಲು ನಿರ್ಮಾಪಕರು ಒಪ್ಪಬೇಕಾಯಿತು. ಎರಡು ಸಾಲಿನ ಒಕ್ಕಣೆ ಎಷ್ಟು ಕೆಲಸ ಮಾಡುತ್ತದೆ ಅಂತ ವಾದ ಮಾಡಬಹುದು. ನಿಷೇಧಕ್ಕಿಂತ ನನಗೆ ಅದೇ ಮೇಲು ಅನ್ನಿಸುತ್ತದೆ. ನಿಷೇಧ ಮಾಡಿದ ಬ್ರಿಟನ್ನಿನಲ್ಲಿ ಆದದ್ದೇನು ಅಂದರೆ, ಕದ್ದು ಕಾಪಿ ಮಾಡಿದ ಕ್ಯಾಸೆಟ್ಟಿಗೆ ಬೆಲೆ ಏರಿತು, ಪಟ್ಟಿಯಲ್ಲಿರುವ ಚಿತ್ರಗಳನ್ನೆಲ್ಲ ನೋಡಿ ಮುಗಿಸುವುದು ಹುಡುಗರಿಗೆ ಪಂದ್ಯವಾಯಿತು. ಯಾನೊಮಾಮಿಗಳ ಪಾಲಿಗೆ ಆ ಎರಡು ಸಾಲೂ ಬರಲಿಲ್ಲ. 2005ರ ಡಿವಿಡಿಯ ಕಾಮೆಂಟರಿಯಲ್ಲಿ ದೆವೋದಾತೊ ಮತ್ತು ಕೆರ್ಮನ್ ಕೂತು ಮಾತಾಡಿದ್ದಾರೆ. ಸಂಗ್ರಹಕಾರರಿಗಾಗಿ ಚಿತ್ರವನ್ನು ಸ್ವಚ್ಛಗೊಳಿಸಿ 2014ರಲ್ಲಿ ಬ್ಲೂ-ರೇ ಕೂಡ ತಂದರು. ಕೋವಾಟಿಯ ನೋವಿಗೆ ಒಂದು ಆಯ್ಕೆ ಇದೆ, ಅದು ಇರಬೇಕಾದದ್ದೇ. ಆ ಜನರ ಹೆಸರಿನ ಮೇಲೆ ಬಿದ್ದ ಕಲೆಗೆ ಯಾವ ಆಯ್ಕೆಯೂ ಇಲ್ಲ.

ಚಿತ್ರದ ಕೊನೆಗೆ ಟಿವಿ ಕಂಪನಿ ಆ ರೀಲುಗಳನ್ನು ಸುಟ್ಟುಬಿಡಲು ಹೇಳುತ್ತದೆ. ಆಮೇಲೆ ಪರದೆಯ ಮೇಲೆ ಅಕ್ಷರಗಳು ಬರುತ್ತವೆ: ಪ್ರೊಜೆಕ್ಟರ್ ನಡೆಸುವವನು ರೀಲು ಕದ್ದು ಮಾರಿದ, 10,000 ಡಾಲರ್ ದಂಡ ಕಟ್ಟಿದ, ಅವನಿಗೆ ಸಿಕ್ಕಿದ್ದು 2,50,000 ಡಾಲರ್. ತನ್ನ ಚಿತ್ರದ ಮುಂದಿನ ಇಪ್ಪತ್ತೈದು ವರ್ಷದ ವ್ಯಾಪಾರವನ್ನು ದೆವೋದಾತೊ ಮೊದಲೇ ಬರೆದಿಟ್ಟ ಹಾಗಿದೆ.

2013ರಲ್ಲಿ ಈಲೈ ರಾತ್ ಎಂಬ ಅಮೆರಿಕದ ನಿರ್ದೇಶಕ ಇದೇ ಚಿತ್ರಕ್ಕೆ ನಮನ ಅಂತ ‘ದಿ ಗ್ರೀನ್ ಇನ್ಫರ್ನೊ’ ಮಾಡಿದ; ಆ ಹೆಸರೂ ದೆವೋದಾತೊನ ಚಿತ್ರದೊಳಗಿನ ಡಾಕ್ಯುಮೆಂಟರಿಯದೇ. ಪೆರು ದೇಶದ ಕಾಡಿನ ಒಂದು ಹಳ್ಳಿಯಲ್ಲಿ ಶೂಟಿಂಗ್. ಸಿನಿಮಾ ಅಂದ್ರೇನು ಅಂತ ಅಲ್ಲಿನವರಿಗೆ ತಿಳಿಸಲು ಟಿವಿ, ಜನರೇಟರ್ ಒಯ್ದು ‘ಕ್ಯಾನಿಬಲ್ ಹೋಲೋಕಾಸ್ಟ್’ ಹಾಕಿ ತೋರಿಸಿದೆವು, ಅವರು ಅದನ್ನು ಕಾಮಿಡಿ ಅಂದುಕೊಂಡು ನಕ್ಕರು ಅಂತ ರಾತ್ ಸಂದರ್ಶನಗಳಲ್ಲಿ ಹೇಳಿದ್ದಾನೆ. ಆ ಹಳ್ಳಿಯವರು ನಕ್ಕದ್ದು ಯಾವುದಕ್ಕೆ ಅಂತ ಅವರ ಬಾಯಿಂದ ಕೇಳಿದ ಸಂದರ್ಶನ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.